ರಿಜಿಸ್ಟರ್ಡ್ ಪೋಸ್ಟ್ ಹೋಯಿತು, ಬೀಗ ಹಾಕಿದ ಬಾಗಿಲು ಉಳಿಯಿತು: ಬೆಂಗಳೂರಿನ ಅಂಚೆ ಬಟವಾಡೆಗೆ ಏನು ಕಷ್ಟ?

2025ರಲ್ಲಿ ಅಂಚೆ ಇಲಾಖೆಯ ಬದಲಾವಣೆಗಳು ಒಂದರ ಹಿಂದೆ ಒಂದು ಬಂದವು. ಮೇ 27ರಂದು ಜಾಗವನ್ನು ಗುರುತಿಸುವ ಡಿಜಿಟಲ್ ವಿಳಾಸ ಸಂಕೇತ ಡಿಜಿಪಿನ್ ಬಂತು. ಆಗಸ್ಟ್ 4ರಂದು ಹೊಸ ತಂತ್ರಾಂಶ ದೇಶದ ಎಲ್ಲ ಅಂಚೆ ಕಚೇರಿಗಳಿಗೆ ವಿಸ್ತರಿಸಿತು. ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಬದಲಾಯಿತು. ಇದೇ ಹೊತ್ತಿಗೆ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದವು. ಹೀಗಾಗಿ ನಗರದ ಜನರಲ್ಲಿ ಗೊಂದಲ ಸಹಜ: ಪಿನ್ ಕೋಡ್ ಬದಲಾಗುತ್ತದೆಯೇ? ವಕೀಲರ ನೋಟಿಸ್ ಇನ್ನು ಯಾವುದರಲ್ಲಿ ಕಳಿಸಬೇಕು? 'ಸ್ಪೀಡ್' ಎಂದ ಮೇಲೆ ಪತ್ರ ಬೇಗ ಬರುತ್ತದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಕೌಂಟರಿನಲ್ಲಿ ಸಿಗುವುದಿಲ್ಲ. ಮುಂಬೈಯಿಂದ ಬೆಂಗಳೂರಿಗೆ ಬರುವುದು ಪತ್ರಕ್ಕೆ ಈಗ ದೊಡ್ಡ ಕಷ್ಟವಲ್ಲ. ಬಟವಾಡೆ ಕಚೇರಿಯಿಂದ ನಿಮ್ಮ ಮನೆ ಬಾಗಿಲವರೆಗಿನ ಕೊನೆಯ ಎರಡು ಮೂರು ಕಿಲೋಮೀಟರ್ ಕಷ್ಟ. ವಿಲೀನ ಮುಟ್ಟದೆ ಬಿಟ್ಟ ಭಾಗವೂ ಅದೇ.

ವಿಲೀನದಲ್ಲಿ ನಿಜಕ್ಕೂ ಬದಲಾದದ್ದು

ಎರಡೂ ಸೇವೆಗಳಲ್ಲಿ ರುಜು ಹಾಕಿಸಿಕೊಂಡೇ ಪತ್ರ ಕೊಡುತ್ತಿದ್ದರು. ಆದರೆ ರುಜು ಯಾರದ್ದು ಎಂಬಲ್ಲಿ ವ್ಯತ್ಯಾಸವಿತ್ತು. ರಿಜಿಸ್ಟರ್ಡ್ ಪೋಸ್ಟ್ ವ್ಯಕ್ತಿಗೆ ಸೇರಿದ್ದು: ವಿಳಾಸದಾರರಿಗೆ, ಇಲ್ಲವೇ ಅವರು ಬರೆದುಕೊಟ್ಟು ಅಧಿಕಾರ ನೀಡಿದವರಿಗೆ ಮಾತ್ರ ಕೊಡಬೇಕು. 1986ರ ಆಗಸ್ಟ್ 1ರಂದು ಶುರುವಾದ ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಸೇರಿದ್ದು: ಆ ಮನೆಯಲ್ಲಿ ಇರುವವರು ಯಾರಾದರೂ ತೆಗೆದುಕೊಳ್ಳಬಹುದು.

ವಿಲೀನದ ನಂತರ ಮೊದಲನೆಯದನ್ನು ಎರಡನೆಯದರ ಮೇಲೆ ಹೆಚ್ಚುವರಿ ಆಯ್ಕೆಯಾಗಿ ಇಟ್ಟಿದ್ದಾರೆ. ಸ್ಪೀಡ್ ಪೋಸ್ಟ್ ಬುಕ್ ಮಾಡುವಾಗ 'ನೋಂದಣಿ' ಬೇಕೆಂದು ಹೇಳಿ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಪತ್ರ ವಿಳಾಸದಾರರ ಕೈಗೇ ಹೋಗಬೇಕು. ಅಷ್ಟೇ ಶುಲ್ಕದ ಇನ್ನೊಂದು ಆಯ್ಕೆ ಓಟಿಪಿ: ಪಡೆಯುವವರ ಮೊಬೈಲಿಗೆ ಬಂದ ಸಂಖ್ಯೆ ಹೇಳಿದರೆ ಮಾತ್ರ ಪೋಸ್ಟ್‌ಮ್ಯಾನ್ ಲಕೋಟೆ ಕೊಡುತ್ತಾರೆ. ಈ ಎರಡೂ ತಾನಾಗಿ ಸೇರುವುದಿಲ್ಲ, ಕೇಳಿ ಹಾಕಿಸಬೇಕು. ಬರೀ ಸ್ಪೀಡ್ ಪೋಸ್ಟ್ ಮಾಡಿ 'ರಿಜಿಸ್ಟರ್ ಮಾಡಿದೆ' ಎಂದುಕೊಂಡು ಬರುವವರಿಗೆ ತೊಂದರೆ ಮುಂದೆ ಕಾದಿರುತ್ತದೆ.

ದರದ ಬಗ್ಗೆ ಕೇಳಿಬರುತ್ತಿರುವ ದೂರು ಅರ್ಧ ಸರಿ. ಹಿಂದೆ 20 ಗ್ರಾಂ ಒಳಗಿನ ರಿಜಿಸ್ಟರ್ಡ್ ಪತ್ರಕ್ಕೆ ತೆರಿಗೆ ಸೇರಿ 25 ರೂಪಾಯಿ 96 ಪೈಸೆ ಆಗುತ್ತಿತ್ತು, ದೂರ ಎಷ್ಟಿದ್ದರೂ ಒಂದೇ. ಈಗ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟ್‌ಗೆ ಊರೊಳಗೆ 19 ರೂಪಾಯಿ, ಹೊರಗೆ 47 ರೂಪಾಯಿ. ನೋಂದಣಿಯ 5 ರೂಪಾಯಿ ಮತ್ತು ಶೇ 18 ತೆರಿಗೆ ಸೇರಿಸಿದರೆ ಜಯನಗರದಿಂದ ಮಲ್ಲೇಶ್ವರಕ್ಕೆ 28 ರೂಪಾಯಿ 32 ಪೈಸೆ, ಬೆಂಗಳೂರಿನಿಂದ ಕಲಬುರಗಿಗೆ 61 ರೂಪಾಯಿ 36 ಪೈಸೆ. ಒಂದೇ ಹಾಳೆಯ ಪತ್ರವನ್ನು ಪರ ಊರಿಗೆ ಕಳಿಸುವ ಬಡವರಿಗೆ, ಆರ್‌ಟಿಐ ಅರ್ಜಿದಾರರಿಗೆ ಖರ್ಚು ಎರಡು ಪಟ್ಟು ದಾಟಿತು. ಆದರೆ 250 ಗ್ರಾಂ ತೂಗುವ ಕಡತಕ್ಕೆ ಹಿಂದೆ ಪ್ರತಿ 20 ಗ್ರಾಂಗೆ 5 ರೂಪಾಯಿಯಂತೆ ಅಂಚೆ ವೆಚ್ಚವೇ 65 ರೂಪಾಯಿ, ಅದರ ಮೇಲೆ ನೋಂದಣಿಗೆ 17 ರೂಪಾಯಿ ಆಗುತ್ತಿತ್ತು. ಈಗ ಊರೊಳಗೆ 24 ರೂಪಾಯಿ ಮತ್ತು ನೋಂದಣಿಗೆ 5 ರೂಪಾಯಿ. ದಪ್ಪ ಕಡತ ಕಳಿಸುವ ಕಚೇರಿಗೆ ಲಾಭ, ತೆಳು ಪತ್ರ ಕಳಿಸುವ ಮನುಷ್ಯನಿಗೆ ನಷ್ಟ. ಸಾರ್ವಜನಿಕ ಸೇವೆಯಲ್ಲಿ ಇದು ತಿರುಗುಮುರುಗಾಗಿದೆ. ಒಂದೇ ಹಾಳೆಯ ನೋಂದಾಯಿತ ಪತ್ರಕ್ಕೆ ಕಡಿಮೆ ದರದ ಒಂದು ಹಂತ ಉಳಿಸಬಹುದಿತ್ತು.

ಇಲಾಖೆಯ ವಾದಕ್ಕೂ ಹುರುಳಿದೆ. ಎರಡು ಬಗೆಯ ಪತ್ರಗಳಿಗೆ ಎರಡು ಬಗೆಯ ಸಾರ್ಟಿಂಗ್, ಬೇರೆ ಬೇರೆ ಬ್ಯಾಗು, ಬೇರೆ ಬೇರೆ ಲೆಕ್ಕ ಇಟ್ಟುಕೊಂಡು ಹೋಗುವುದು ವ್ಯರ್ಥ ಕೆಲಸ. ಒಂದೇ ದಾರಿ, ಒಂದೇ ಟ್ರ್ಯಾಕಿಂಗ್ ಆದರೆ ಪತ್ರ ಎಲ್ಲಿ ನಿಂತಿದೆ ಎಂದು ತಿಳಿಯುವುದು ಸುಲಭ. ಇದು ಬಟವಾಡೆ ಕಚೇರಿಯ ಬಾಗಿಲವರೆಗೆ ಪೂರ್ತಿ ಸರಿ.

ಬೆಳಗಿನ ಒಂದು ಗಂಟೆ ತಡವಾದರೆ

ರಾತ್ರಿ ಸಾರ್ಟಿಂಗ್ ಹಬ್‌ನಲ್ಲಿ ಪತ್ರಗಳು ಪಿನ್ ಕೋಡ್ ನೋಡಿಕೊಂಡು ಬೇರೆಯಾಗುತ್ತವೆ. ಬೆಳಿಗ್ಗೆ ಮೇಲ್ ವ್ಯಾನಿನಲ್ಲಿ ಬಟವಾಡೆ ಕಚೇರಿಗೆ ಬ್ಯಾಗು ಬರುತ್ತದೆ. ಅಲ್ಲಿ ಬ್ಯಾಗು ಒಡೆದು, ಪ್ರತಿ ಲಕೋಟೆ ಸ್ಕ್ಯಾನ್ ಮಾಡಿ, ಬೀಟ್‌ವಾರು, ಅಂದರೆ ಒಬ್ಬೊಬ್ಬ ಪೋಸ್ಟ್‌ಮ್ಯಾನ್ ಸುತ್ತುವ ಬೀದಿಗಳ ಪ್ರಕಾರ ಹಂಚುತ್ತಾರೆ. ಪೋಸ್ಟ್‌ಮ್ಯಾನ್ ತನ್ನ ಬೀಟಿನ ಪತ್ರಗಳನ್ನು ನಡೆಯುವ ದಾರಿಯ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು: ಯಾವ ಕ್ರಾಸ್ ಮೊದಲು, ಯಾವ ಗೇಟು ನಂತರ. ಈ ಜೋಡಣೆ ತಪ್ಪಿದರೆ ಒಂದೇ ಬೀದಿಗೆ ಎರಡು ಸಲ ಹೋಗಬೇಕಾಗುತ್ತದೆ.

ವ್ಯಾನು ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಸಿಕ್ಕಿಕೊಂಡು ಒಂದು ಗಂಟೆ ತಡವಾಯಿತೆನ್ನಿ. ಸ್ಕ್ಯಾನಿಂಗ್, ಜೋಡಣೆ ಎರಡನ್ನೂ ಕಡಿಮೆ ಮಾಡಲಾಗುವುದಿಲ್ಲ. ಆದ್ದರಿಂದ ಆ ಒಂದು ಗಂಟೆ ಪೂರ್ತಿ ಬೀದಿಯ ಸಮಯದಿಂದಲೇ ಕಡಿತವಾಗುತ್ತದೆ.

ಈಗ ಒಂದು ಸರಳ ಲೆಕ್ಕ. ಬೀದಿಯಲ್ಲಿ ಐದು ಗಂಟೆ, ಅಂದರೆ 300 ನಿಮಿಷ ಸಿಕ್ಕಿದೆ ಎಂದು ಇಟ್ಟುಕೊಳ್ಳಿ. ರುಜು ಬೇಕಾದ ಒಂದು ಲಕೋಟೆಗೆ ಮನೆ ಹುಡುಕಿ, ಗಂಟೆ ಬಾರಿಸಿ, ಗುರುತು ನೋಡಿ, ಮೊಬೈಲಿನಲ್ಲಿ ರುಜು ಪಡೆದು ಮುಂದೆ ಹೋಗಲು 5 ನಿಮಿಷ ಹಿಡಿದರೆ 60 ಲಕೋಟೆ ಮುಗಿಯುತ್ತವೆ. ಅದೇ 8 ನಿಮಿಷವಾದರೆ 37. ಒಂದು ಗಂಟೆ ತಡವೂ ಸೇರಿದರೆ 30. ಬ್ಯಾಗಿನಲ್ಲಿ ಬಂದ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಹಳೆಯ ಕಾಲದ ಕಾಗದ, ಕಾರ್ಡು ಕಡಿಮೆಯಾಗಿವೆ, ಅವನ್ನು ಬಾಗಿಲ ಸಂದಿಯಲ್ಲಿ ಸೇರಿಸಿ ಹೋಗಬಹುದಿತ್ತು. ಈಗ ಉಳಿದಿರುವುದು ಪಾಸ್‌ಪೋರ್ಟ್, ಬ್ಯಾಂಕಿನ ಕಾರ್ಡು, ಚೆಕ್ ಪುಸ್ತಕ, ಕೋರ್ಟಿನ ಸಮನ್ಸ್. ಒಟ್ಟು ಪತ್ರಗಳ ಸಂಖ್ಯೆ ಇಳಿದರೂ ಪ್ರತಿ ಪತ್ರ ತಿನ್ನುವ ನಿಮಿಷ ಏರಿದೆ. 'ಈಗ ಯಾರು ಪತ್ರ ಬರೆಯುತ್ತಾರೆ, ಪೋಸ್ಟ್‌ಮ್ಯಾನ್‌ಗೆ ಏನು ಕೆಲಸ' ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ವಿಳಾಸವೇ ಇಲ್ಲದ ಬಡಾವಣೆಗಳು

ಇನ್ನು ಆ 5 ನಿಮಿಷ 8 ಆಗುವುದು ಏಕೆ ಎಂಬುದನ್ನು ನೋಡಬೇಕು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್‌ನ ಮೊದಲ ಮೂರು ಅಂಕಿ ವಲಯ, ಉಪವಲಯ, ಸಾರ್ಟಿಂಗ್ ಜಿಲ್ಲೆ ಹೇಳಿದರೆ ಕೊನೆಯ ಮೂರು ಒಂದು ಬಟವಾಡೆ ಕಚೇರಿಯನ್ನು ತೋರಿಸುತ್ತವೆ. 560 ಎಂದರೆ ಬೆಂಗಳೂರು. ರಾಜಭವನ ರಸ್ತೆಯ ಜಿಪಿಓ 560001, ಎಲೆಕ್ಟ್ರಾನಿಕ್ ಸಿಟಿ 560100, ಬೆಳ್ಳಂದೂರು 560103. ಪಿನ್ ಕೋಡ್‌ಗೂ ವಾರ್ಡಿಗೂ ಪಾಲಿಕೆಗೂ ಸಂಬಂಧವಿಲ್ಲ. ನಗರ ಐದು ಪಾಲಿಕೆಯಾದ ಮಾತ್ರಕ್ಕೆ ನಿಮ್ಮ ಪಿನ್ ಬದಲಾಗುವುದಿಲ್ಲ.

ತೊಂದರೆ ಬರುವುದು ಪಿನ್‌ನ ಒಳಗೆ. 2007ರಲ್ಲಿ ಬಿಬಿಎಂಪಿ ಆದಾಗ ಹಳೆಯ ಪಾಲಿಕೆಯ 100 ವಾರ್ಡುಗಳ ಜೊತೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿದವು. ಸುಮಾರು 226 ಚದರ ಕಿಲೋಮೀಟರ್ ಇದ್ದ ನಗರ 700 ದಾಟಿತು. ಈ ಹಳ್ಳಿಗಳ ಹೊಲಗಳಲ್ಲಿ ಎದ್ದ ಕಂದಾಯ ಬಡಾವಣೆಗಳಿಗೆ ಮನೆ ಸಂಖ್ಯೆ ಕೊಡುವ ಒಂದು ಕ್ರಮವೇ ಇರಲಿಲ್ಲ. ಒಬ್ಬರು ಸರ್ವೆ ನಂಬರ್ ಬರೆಯುತ್ತಾರೆ. ಆ ಸರ್ವೆ ನಂಬರಿನ ಎರಡು ಎಕರೆಯಲ್ಲಿ ಈಗ 40 ಮನೆ ಇರಬಹುದು. ಇನ್ನೊಬ್ಬರು ಪಂಚಾಯಿತಿ ಖಾತಾ ಸಂಖ್ಯೆ, ಮತ್ತೊಬ್ಬರು ಡೆವಲಪರ್ ನಕ್ಷೆಯ ಸೈಟ್ ನಂಬರ್. ಮನೆಗಳು ಕಟ್ಟಿದ ಕ್ರಮದಲ್ಲಿ ನಂಬರು ಪಡೆದ ಬೀದಿಯಲ್ಲಿ 12ರ ಪಕ್ಕ 47 ಇರುತ್ತದೆ.

ಯೋಜಿತ ಬಡಾವಣೆಗಳೂ ಪೂರ್ತಿ ಪಾರಾಗಿಲ್ಲ. '2ನೇ ಮೇನ್, 5ನೇ ಕ್ರಾಸ್' ಪ್ರತಿ ಬಡಾವಣೆಯಲ್ಲೂ ಇದೆ, ಹಂತ ಅಥವಾ ಬ್ಲಾಕ್ ಬಿಟ್ಟರೆ ಆ ವಿಳಾಸ ನಾಲ್ಕು ಮನೆಗಳಿಗೆ ಹೊಂದುತ್ತದೆ. ಒಂದೇ ಗೋಡೆಯ ಮೇಲೆ ಹಳೆ ನಂಬರು, ಹೊಸ ನಂಬರು, ಆಸ್ತಿ ತೆರಿಗೆಯ ಪಿಐಡಿ (ಆಸ್ತಿ ಗುರುತಿನ ಸಂಖ್ಯೆ) ಮೂರೂ ಇರುತ್ತವೆ. ಪಿಐಡಿ ಶುರುವಾಗುವುದೇ ವಾರ್ಡ್ ಸಂಖ್ಯೆಯಿಂದ. ವಾರ್ಡುಗಳು 100ರಿಂದ 198 ಆದವು, ಈಗ ಐದು ಪಾಲಿಕೆಗಳಲ್ಲಿ ಮತ್ತೆ ಹೊಸದಾಗಿ ವಿಂಗಡಣೆಯಾಗಿದೆ. ಅದನ್ನೇ ವಿಳಾಸವೆಂದು ಬರೆಯುತ್ತ ಹೋದರೆ ಗೊಂದಲ ತೀರುವುದಿಲ್ಲ.

ಸರ್ಜಾಪುರ ರಸ್ತೆಯನ್ನೇ ನೋಡಿ. ಕೋರಮಂಗಲದ ಬಳಿ ಹೊರಟು ಬೆಳ್ಳಂದೂರು, ಕಾರ್ಮೆಲರಾಂ ದಾಟಿ ಆನೇಕಲ್ ತಾಲೂಕಿನ ಸರ್ಜಾಪುರದವರೆಗೆ ಹೋಗುವ ಈ ರಸ್ತೆ ಹಲವು ಪಿನ್‌ಗಳನ್ನು ಹಾಯುತ್ತದೆ. ಕೊನೆಗೆ ಸರ್ಜಾಪುರದ 562125 ಬೆಂಗಳೂರಿನ 560 ಸರಣಿಯಲ್ಲೇ ಇಲ್ಲ. ಅಪಾರ್ಟ್‌ಮೆಂಟ್ ಮಾರುವಾಗ 'ಸರ್ಜಾಪುರ ರಸ್ತೆ, ಬೆಂಗಳೂರು' ಎಂದಷ್ಟೇ ಬರೆದು, ಹೆಸರುವಾಸಿ ಬಡಾವಣೆಯ ಪಿನ್ ಹಾಕಿಬಿಟ್ಟರೆ ಮುಂದಿನ ಹತ್ತು ವರ್ಷ ಆಧಾರ್, ಬ್ಯಾಂಕು, ವಿಮೆ ಎಲ್ಲದರಲ್ಲೂ ತಪ್ಪು ಪಿನ್ ಮುಂದುವರಿಯುತ್ತದೆ. ಪತ್ರ ತಪ್ಪು ಕಚೇರಿಗೆ ಹೋಗುತ್ತದೆ. ಅಲ್ಲಿಯ ಪೋಸ್ಟ್‌ಮ್ಯಾನ್ 'ನಮ್ಮ ಬೀಟಲ್ಲ' ಎಂದು ಗುರುತಿಸಿ ವಾಪಸ್ ಹಾಕಬೇಕು, ಅದು ಸಂಜೆಯ ಬ್ಯಾಗಿನಲ್ಲಿ ಮತ್ತೆ ಹಬ್‌ಗೆ ಹೋಗಿ ಮರುದಿನ ಸರಿಯಾದ ಕಚೇರಿಗೆ ಬರಬೇಕು. ಸ್ಪೀಡ್ ಪೋಸ್ಟ್‌ನ ವೇಗವೆಲ್ಲ ಇಲ್ಲಿ ಕರಗುತ್ತದೆ.

ಇಷ್ಟು ದಿನ ಈ ಕೊರತೆಯನ್ನು ತುಂಬಿದ್ದು ಬೀಟಿನ ಹಳೆಯ ಪೋಸ್ಟ್‌ಮ್ಯಾನ್‌ನ ನೆನಪು. ಯಾವ ವಠಾರದ ಹಿಂದಿನ ಮೆಟ್ಟಿಲು, ಯಾವ ಅಂಗಡಿಯ ಮೇಲಿನ ಮನೆ, ಬಾಡಿಗೆಗೆ ಇದ್ದವರು ಖಾಲಿ ಮಾಡಿ ಎಲ್ಲಿಗೆ ಹೋದರು ಎಂಬುದು ಯಾವ ಕಡತದಲ್ಲೂ ಇಲ್ಲ. ಅವರು ರಜೆ ಹಾಕಿದ ದಿನ, ನಿವೃತ್ತರಾದ ಮರುದಿನ, ಬದಲಿಯಾಗಿ ಬಂದ ಹಂಗಾಮಿ ನೌಕರರ ಕೈಯಲ್ಲಿ ಅದೇ ಬ್ಯಾಗು ಇಮ್ಮಡಿ ಭಾರವಾಗುತ್ತದೆ. ಹೊಸ ಬಡಾವಣೆ ಎದ್ದಾಗ ಹೊಸ ಬೀಟ್ ಹುಟ್ಟುವುದಿಲ್ಲ. ಹುದ್ದೆ ಮಂಜೂರಾಗಬೇಕು. ಅಲ್ಲಿಯವರೆಗೆ ಆ ಮನೆಗಳು ಪಕ್ಕದ ಬೀಟಿಗೆ ಸೇರುತ್ತ ಹೋಗುತ್ತವೆ.

ಗೇಟು, ಲಿಫ್ಟು, ಖಾಲಿ ಮನೆ

ಎತ್ತರದ ಕಟ್ಟಡಗಳಲ್ಲಿ ವಿಳಾಸ ಸ್ಪಷ್ಟವಾಗಿರುತ್ತದೆ, ಆದರೆ ಒಳಗೆ ಹೋಗುವುದು ಕಷ್ಟ. ಗೇಟಿನಲ್ಲಿ ಹೆಸರು ಬರೆಸಬೇಕು ಅಥವಾ ಆ್ಯಪ್ ಮೂಲಕ ಮನೆಯವರು ಒಪ್ಪಿಗೆ ಕೊಡಬೇಕು. ಮನೆಯವರು ಕಚೇರಿಯ ಮೀಟಿಂಗಿನಲ್ಲಿದ್ದರೆ ಒಪ್ಪಿಗೆ ಬರುವುದಿಲ್ಲ. ಸರ್ವಿಸ್ ಲಿಫ್ಟಿಗೆ ಕಾಯಬೇಕು. ಹದಿನೈದನೇ ಮಹಡಿಗೆ ಹೋದ ಮೇಲೆ ಬೀಗ.

ಆನ್‌ಲೈನ್ ಅಂಗಡಿಯ ಡಬ್ಬಿಯನ್ನು ಗೇಟಿನಲ್ಲೇ ಬಿಟ್ಟು ಹೋಗುವುದನ್ನು ಕಂಡವರು ಅಂಚೆಯೂ ಹಾಗೇ ಮಾಡಲಿ ಎನ್ನುತ್ತಾರೆ. ವಿಳಾಸದಾರರು ಲಿಖಿತ ಅಧಿಕಾರ ಕೊಡದೆ ನೋಂದಾಯಿತ ಪತ್ರವನ್ನು ಕಾವಲುಗಾರರಿಗೆ ಕೊಡುವಂತಿಲ್ಲ. ಕೊಟ್ಟರೆ, 'ನನಗೆ ತಲುಪಲೇ ಇಲ್ಲ' ಎಂದು ನಾಳೆ ಯಾರಾದರೂ ಹೇಳಿದಾಗ ಉತ್ತರ ಕೊಡಬೇಕಾದವರು ಪೋಸ್ಟ್‌ಮ್ಯಾನ್. ಇಬ್ಬರೂ ದುಡಿಯುವ ಮನೆಗಳೇ ಹೆಚ್ಚಿರುವ ನಗರದಲ್ಲಿ, ಬಟವಾಡೆ ನಡೆಯುವುದು ಮನೆ ಖಾಲಿ ಇರುವ ಹೊತ್ತಿನಲ್ಲೇ.

ಎರಡು ಪದದ ಷರಾ, ಕಾನೂನಿನ ತೂಕ

ಬಾಗಿಲು ತೆರೆಯದಿದ್ದರೆ ಪೋಸ್ಟ್‌ಮ್ಯಾನ್ 'ಡೋರ್ ಲಾಕ್ಡ್' ಎಂಬ ಷರಾ ದಾಖಲಿಸುತ್ತಾರೆ, ತಿಳಿವಳಿಕೆ ಚೀಟಿ ಬಿಡುತ್ತಾರೆ, ಪತ್ರ ಸಾಮಾನ್ಯವಾಗಿ 7 ದಿನ ಕಚೇರಿಯಲ್ಲಿರುತ್ತದೆ. ಆಮೇಲೆ 'ಅನ್‌ಕ್ಲೈಮ್ಡ್' ಎಂದು ಕಳಿಸಿದವರಿಗೆ ವಾಪಸ್. ಇನ್ನುಳಿದ ಷರಾಗಳು: 'ಲೆಫ್ಟ್' (ಮನೆ ಬಿಟ್ಟು ಹೋಗಿದ್ದಾರೆ), 'ರೆಫ್ಯೂಸ್ಡ್' (ನಿರಾಕರಿಸಿದರು), 'ಇನ್‌ಸಫಿಶಿಯೆಂಟ್ ಅಡ್ರೆಸ್' (ವಿಳಾಸ ಸಾಲದು).

ಓದುವವರಿಗೆ ಇವು ಒಂದೇ ರೀತಿ ಕಾಣಬಹುದು, ಕೋರ್ಟಿಗೆ ಒಂದೇ ಅಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ, ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು ತಲುಪಿದೆ ಎಂದೇ ಭಾವಿಸಲಾಗುತ್ತದೆ, ಅಲ್ಲವೆಂದು ಸಾಬೀತು ಮಾಡದ ಹೊರತು. ಸಿವಿಲ್ ದಾವೆಯಲ್ಲಿ ಸಮನ್ಸ್ 'ನಿರಾಕರಿಸಿದರು' ಎಂದು ವಾಪಸಾದರೆ ಜಾರಿಯಾಗಿದೆ ಎಂದು ನ್ಯಾಯಾಲಯ ಘೋಷಿಸಬಹುದು. ಚೆಕ್ ಬೌನ್ಸ್ ಪ್ರಕರಣದಲ್ಲಿ ನೋಟಿಸ್ ತಲುಪಿ 15 ದಿನದೊಳಗೆ ಹಣ ಕಟ್ಟದಿದ್ದರೆ ಅಪರಾಧ. 2007ರಲ್ಲಿ ಸುಪ್ರೀಂ ಕೋರ್ಟ್ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಹೇಳಿದ್ದು, ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸ್ ತಲುಪಿತೆಂದೇ ಊಹೆ. ನಿಜಕ್ಕೂ ಸಿಗಲಿಲ್ಲ ಎನ್ನುವವರು ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಿ ಪಾರಾಗಬಹುದು.

ಈಗ ಹಿಂದಿನ ಲೆಕ್ಕಕ್ಕೆ ಇದನ್ನು ಸೇರಿಸಿ. 60 ಲಕೋಟೆಯ ಬ್ಯಾಗು, 37ಕ್ಕಷ್ಟೇ ಸಮಯ. ಉಳಿದವಕ್ಕೆ ಸಂಜೆಯೊಳಗೆ ಒಂದಲ್ಲ ಒಂದು ಷರಾ ಬೀಳಲೇಬೇಕು, ಏಕೆಂದರೆ ತಂತ್ರಾಂಶದಲ್ಲಿ ಖಾಲಿ ಬಿಡಲಾಗುವುದಿಲ್ಲ. ಗೇಟಿನಿಂದಲೇ ವಾಪಸಾದ ಪತ್ರಕ್ಕೂ 'ಬೀಗ ಹಾಕಿದೆ' ಎಂಬ ಷರಾ ಬೀಳುವ ಅಪಾಯ ಹುಟ್ಟುವುದು ಇಲ್ಲಿ. ಹೊತ್ತಿಲ್ಲದ ನೌಕರನ ಎರಡು ಪದ ಒಬ್ಬ ನಾಗರಿಕನ ಪಾಲಿಗೆ ಪ್ರಕರಣದ ದಿಕ್ಕು ಬದಲಿಸಬಲ್ಲದು. ಬಟವಾಡೆಗೆ ಸಾಕಷ್ಟು ಜನ ಇರುವುದು ಇಲಾಖೆಯ ಒಳಗಿನ ಆಡಳಿತದ ವಿಷಯ ಮಾತ್ರ ಅಲ್ಲ ಎನ್ನುವುದು ಈ ಕಾರಣಕ್ಕೆ.

ವಿಲೀನದಿಂದ ಒತ್ತಡ ಇನ್ನೂ ಒಂದು ಪಟ್ಟು ಹೆಚ್ಚಬಹುದು. ರಿಜಿಸ್ಟರ್ಡ್ ಪತ್ರಕ್ಕೆ ಒಂದು ದಿನ ಆಚೀಚೆ ಆದರೆ ಸಹಿಸುತ್ತಿದ್ದರು. 'ಸ್ಪೀಡ್' ಎಂಬ ಹೆಸರಿನ ಕೆಳಗೆ ಬಂದ ಎಲ್ಲ ಪತ್ರಕ್ಕೂ ಅದೇ ದಿನದ ಬಟವಾಡೆಯ ನಿರೀಕ್ಷೆ ಇದೆ.

ಬಟವಾಡೆಯನ್ನು ಒಂದೆಡೆ ಸೇರಿಸುವ ಯೋಜನೆ

ಇದಕ್ಕೆ ಇಲಾಖೆ ಮುಂದಿಟ್ಟಿರುವ ಪರಿಹಾರ ಸ್ವತಂತ್ರ ವಿತರಣಾ ಕೇಂದ್ರ. ಹಲವು ಅಂಚೆ ಕಚೇರಿಗಳ ಪೋಸ್ಟ್‌ಮ್ಯಾನ್‌ಗಳನ್ನು ಒಂದು ದೊಡ್ಡ ಕಟ್ಟಡಕ್ಕೆ ತಂದು, ಅಂಚೆ ಕಚೇರಿಯನ್ನು ಬುಕಿಂಗ್, ಉಳಿತಾಯ ಖಾತೆ, ಆಧಾರ್ ಕೆಲಸಕ್ಕೆ ಬಿಡುವುದು ಇದರ ತಿರುಳು. ಅನುಕೂಲ ನಿಜ: ಕಿರಿದಾದ ಬಾಡಿಗೆ ಕಚೇರಿಯಲ್ಲಿ ಪಾರ್ಸೆಲ್ ರಾಶಿ ಇಡಲು ಜಾಗವಿಲ್ಲ, ವ್ಯಾನು ನಿಲ್ಲಿಸಲಾಗದು. ಹತ್ತು ಕಡೆ ಬ್ಯಾಗು ಇಳಿಸುವ ಬದಲು ಎರಡು ಕಡೆ ಇಳಿಸಿದರೆ ಬೆಳಗಿನ ಒಂದು ಗಂಟೆ ಉಳಿಯುತ್ತದೆ. ಒಬ್ಬರು ರಜೆ ಹಾಕಿದರೆ ಬದಲಿ ಹೊಂದಿಸುವುದೂ ಸುಲಭ.

ನೌಕರರ ಆಕ್ಷೇಪವೂ ನಿಜ. ಕೇಂದ್ರ ದೂರವಾದಷ್ಟೂ ಬೀಟಿಗೆ ಹೋಗಿಬರುವ ಸಮಯ ಹೆಚ್ಚುತ್ತದೆ. ಬೆಂಗಳೂರಿನ ಸಂಚಾರದಲ್ಲಿ ನಾಲ್ಕು ಕಿಲೋಮೀಟರ್ ಎಂದರೆ ಒಂದು ಕಡೆಗೆ ಅರ್ಧ ಗಂಟೆ ಆಗಬಹುದು. ಆಗ ಬೆಳಿಗ್ಗೆ ಉಳಿಸಿದ್ದು ದಾರಿಯಲ್ಲೇ ಕಳೆದುಹೋಯಿತು. ಸೈಕಲ್ಲಿನಲ್ಲೋ ನಡೆದೋ ಬಟವಾಡೆ ಮಾಡುತ್ತಿದ್ದ ಹಿರಿಯ ನೌಕರರಿಗೆ, ಮಹಿಳೆಯರಿಗೆ ಬೈಕು ಅನಿವಾರ್ಯವಾಗುತ್ತದೆ. ಸಾರ್ವಜನಿಕರಿಗೆ ತಟ್ಟುವ ಅಂಶ ಇನ್ನೊಂದಿದೆ: ಬಾಗಿಲು ಮುಚ್ಚಿದ್ದರಿಂದ ಉಳಿದ ಪತ್ರವನ್ನು ಹತ್ತಿರದ ಅಂಚೆ ಕಚೇರಿಯಲ್ಲೇ ಕೊಡುವ ವ್ಯವಸ್ಥೆ ಇಲ್ಲದಿದ್ದರೆ, ವೃದ್ಧರೊಬ್ಬರು ಪಿಂಚಣಿಯ ಪತ್ರಕ್ಕಾಗಿ ಎರಡು ಬಸ್ಸು ಬದಲಿಸಬೇಕಾಗುತ್ತದೆ. ಕೇಂದ್ರೀಕರಣ ಬೇಕಾದರೆ ಬರಲಿ, ಉಳಿಕೆ ಪತ್ರ ಮಾತ್ರ ಹಳೆಯ ಕಚೇರಿಯ ಕೌಂಟರಿಗೆ ಸಂಜೆಯೇ ವಾಪಸ್ ಬರಬೇಕು. ಈ ಒಂದು ಷರತ್ತು ಈಡೇರದೆ ಯೋಜನೆಯನ್ನು ವಿಸ್ತರಿಸುವುದು ತಪ್ಪು.

ಡಿಜಿಪಿನ್ ಎಷ್ಟು ದೂರ ಒಯ್ಯಬಲ್ಲದು

ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ (ಎನ್‌ಆರ್‌ಎಸ್‌ಸಿ) ಜೊತೆಗೂಡಿ ರೂಪಿಸಿದ ಡಿಜಿಪಿನ್ ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಅಂಕಿ ಅಕ್ಷರ ಬೆರೆತ 10 ಚಿಹ್ನೆಯ ಗುರುತು ಕೊಡುತ್ತದೆ. ಇದು ಪಿನ್ ಕೋಡ್‌ಗೆ ಬದಲಿಯಲ್ಲ. ಪತ್ರದ ಮೇಲೆ ಪಿನ್ ಇರಲೇಬೇಕು, ಡಿಜಿಪಿನ್ ಜೊತೆಗೆ.

ಕಂದಾಯ ಬಡಾವಣೆಯ ಒಂಟಿ ಮನೆಗೆ ಇದು ವರ. ಸರ್ವೆ ನಂಬರಿನ ಗೊಂದಲದಲ್ಲಿ ಹುಡುಕುವ ಮೂರು ನಿಮಿಷ ಉಳಿಯುತ್ತದೆ, ಹಂಗಾಮಿ ನೌಕರರೂ ಬಾಗಿಲಿಗೆ ತಲುಪುತ್ತಾರೆ. ಆದರೆ ಡಿಜಿಪಿನ್‌ಗೆ ಅಕ್ಷಾಂಶ ರೇಖಾಂಶ ಗೊತ್ತು, ಎತ್ತರ ಗೊತ್ತಿಲ್ಲ. ಒಂದರ ಮೇಲೊಂದು ಇರುವ 20 ಫ್ಲ್ಯಾಟುಗಳಿಗೂ ಒಂದೇ ಗುರುತು. ಒತ್ತೊತ್ತಾಗಿ ಕಟ್ಟಡಗಳಿರುವ ಚಿಕ್ಕಪೇಟೆಯಂಥ ಕಡೆ ಮೊಬೈಲಿನ ಜಿಪಿಎಸ್ 4 ಮೀಟರಿಗಿಂತ ಹೆಚ್ಚು ತಪ್ಪು ತೋರಿಸಬಹುದು, ಆಗ ಪಕ್ಕದ ಅಂಗಡಿಯ ಗುರುತು ನಿಮ್ಮದಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮನೆ ತೋರಿಸುತ್ತದೆಯೇ ಹೊರತು ಮನೆಯಲ್ಲಿ ಜನ ಇದ್ದಾರೆಯೇ ಎಂದು ಹೇಳುವುದಿಲ್ಲ.

1898ರ ಕಾಯ್ದೆಯ ಬದಲಿಗೆ ಬಂದು 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯ್ದೆ, ವಿಳಾಸ ಬರೆಯುವ ಮಾನದಂಡ ನಿಗದಿ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಗೋಡೆಯ ಮೇಲೆ ನಂಬರು ಬರೆಯುವವರು ಪಾಲಿಕೆಯವರು. ಐದು ಪಾಲಿಕೆಗಳು ತಮ್ಮ ಆಸ್ತಿ ದಾಖಲೆಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತಿರುವ ಈ ಹೊತ್ತಿನಲ್ಲೇ ಪ್ರತಿ ಬೀದಿಗೆ ಒಂದೇ ಹೆಸರು, ಪ್ರತಿ ಬಾಗಿಲಿಗೆ ಕ್ರಮವಾದ ಒಂದೇ ಸಂಖ್ಯೆ ಕೊಟ್ಟು ಆ ಪಟ್ಟಿಯನ್ನು ಬಟವಾಡೆ ಕಚೇರಿಗೂ ಕೊಡಬಹುದು. ಈ ಅವಕಾಶ ಕಳೆದರೆ ಹಳೆಯ ನಂಬರು, ಹೊಸ ನಂಬರುಗಳ ಪಕ್ಕ 'ತೀರಾ ಹೊಸ ನಂಬರು' ಸೇರಿಕೊಳ್ಳುತ್ತದೆ.

ಅಲ್ಲಿಯವರೆಗೆ

ಕಳಿಸುವವರು ಕಾನೂನಿನ ಪತ್ರವಾದರೆ ನೋಂದಣಿ ಮತ್ತು ಬಟವಾಡೆಯ ಪುರಾವೆ ಎರಡನ್ನೂ ಕೇಳಿ ಹಾಕಿಸಿ, ರಸೀದಿಯಲ್ಲಿ ನೋಂದಣಿ ಶುಲ್ಕ ಬೇರೆಯಾಗಿ ಕಾಣುತ್ತದೆಯೇ ನೋಡಬೇಕು. ಟ್ರ್ಯಾಕಿಂಗ್ ಪುಟದಲ್ಲಿ ಷರಾ ಬಿದ್ದ ದಿನ, ಸಮಯ ಕಾಣುತ್ತದೆ. ಆ ಪುಟವನ್ನು ಆಗಲೇ ಮುದ್ರಿಸಿಟ್ಟುಕೊಂಡರೆ ಒಳ್ಳೆಯದು. ವಿಳಾಸದಲ್ಲಿ ಪಡೆಯುವವರ ಮೊಬೈಲ್ ಸಂಖ್ಯೆ ಬರೆದರೆ ಪೋಸ್ಟ್‌ಮ್ಯಾನ್ ಗೇಟಿನಿಂದ ಫೋನ್ ಮಾಡಬಲ್ಲರು, ಎಷ್ಟೋ 'ಬೀಗ'ಗಳು ಅಲ್ಲೇ ತೆರೆಯುತ್ತವೆ.

ಪಡೆಯುವವರು ಮಹಡಿ, ಬ್ಲಾಕ್, ಹಂತ ಬಿಡದೆ ವಿಳಾಸ ಬರೆದು, ತಮ್ಮ ಪಿನ್ ಸರಿಯಿದೆಯೇ ಎಂದು ಇಲಾಖೆಯ ತಾಣದಲ್ಲಿ ಒಮ್ಮೆ ನೋಡಿ, ತಪ್ಪಿದ್ದರೆ ಮೊದಲು ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ತಿದ್ದಿಸಬೇಕು. ಹಗಲು ಮನೆಯಲ್ಲಿ ಇರದವರು ನೆರೆಯವರ ಅಥವಾ ಸಂಘದ ಕಚೇರಿಯವರ ಹೆಸರಿಗೆ ಅಧಿಕಾರ ಪತ್ರ ಬರೆದು ಬಟವಾಡೆ ಕಚೇರಿಗೆ ಕೊಡಬಹುದು. ಅಪಾರ್ಟ್‌ಮೆಂಟ್ ಸಂಘಗಳು ನೆಲಮಹಡಿಯಲ್ಲಿ ಫ್ಲ್ಯಾಟ್ ಸಂಖ್ಯೆ ಬರೆದ ಪತ್ರಪೆಟ್ಟಿಗೆಗಳನ್ನು ಒಂದೆಡೆ ಇಟ್ಟರೆ ಸಾಮಾನ್ಯ ಪತ್ರಕ್ಕೆ ಲಿಫ್ಟು ಹತ್ತುವ ಕೆಲಸ ತಪ್ಪುತ್ತದೆ; ಪೋಸ್ಟ್‌ಮ್ಯಾನ್‌ಗೆ ಗೇಟಿನಲ್ಲಿ ಪ್ರತಿದಿನ ಹೆಸರು ಬರೆಸದ ಕಾಯಂ ಪಾಸ್ ಕೊಟ್ಟರೆ ಒಂದೊಂದು ಕಟ್ಟಡದಲ್ಲಿ ಹತ್ತು ನಿಮಿಷ ಉಳಿಯುತ್ತದೆ. ಇಲಾಖೆಯ ಕಡೆಯಿಂದ ಬೇಕಾದದ್ದು ಸಂಜೆ ಏಳರವರೆಗಿನ ಎರಡನೇ ಸುತ್ತಿನ ಬಟವಾಡೆ, ಮತ್ತು ಮನೆಗಳ ಲೆಕ್ಕದ ಬದಲು ರುಜು ಬೇಕಾದ ಲಕೋಟೆಗಳ ನಿಮಿಷದ ಲೆಕ್ಕದಲ್ಲಿ ಬೀಟ್‌ಗಳ ಮರುವಿಂಗಡಣೆ.